ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಸಾಲದು



ಮದುವೆ ಊಟ ಉಂಡವರಲ್ಲಿ ಹತ್ತು ಜನಕ್ಕೆ ವಾಂತಿಭೇದಿಯಾದರೆ ಸಾಕು, ಮರುದಿನವೇ ಕ್ಯಾಟರಿಂಗ್‌ನವರ ಹೆಸರು ಕೆಡುತ್ತದೆ. "ಆಸ್ಪತ್ರೆ ಸೇರಿದವರೆಲ್ಲ ಪನೀರ್ ತಿಂದಿದ್ದರಂತೆ" ಎಂಬ ಒಂದೇ ಮಾತು ಸಾಕ್ಷಿ. ಪನೀರ್ ತಿಂದೂ ಚೆನ್ನಾಗಿರುವವರೆಷ್ಟು, ತಿನ್ನದೆಯೂ ಮಲಗಿದವರೆಷ್ಟು ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳುವುದಿಲ್ಲ, ಬಿಲ್ಲಿನಲ್ಲಿ ಕಡಿತ ಮಾಡಿಕೊಂಡು ಸುಮ್ಮನಾಗುತ್ತೇವೆ. ಇದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಇಂಥ ಲೆಕ್ಕಕ್ಕೆ ಹೆಸರಾದ ಒಂದು ಊಟವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೆಗೊ ಜಿಲ್ಲೆಯ ಒಂದು ಹಳ್ಳಿ ಚರ್ಚಿನಲ್ಲಿ 1940ರ ಏಪ್ರಿಲ್ 18ರಂದು ರಾತ್ರಿ 80 ಮಂದಿ ಉಂಡರು. ಪದಾರ್ಥಗಳೆಲ್ಲ ಮನೆಮನೆಯಿಂದ ಬಂದವು. ಆರೋಗ್ಯ ಇಲಾಖೆಯವರು 75 ಮಂದಿಯನ್ನು ವಿಚಾರಿಸಿದರು. ಅವರಲ್ಲಿ 46 ಮಂದಿಗೆ ಕಾಯಿಲೆ.

ಆ 46 ಮಂದಿಯಲ್ಲಿ 26 ಮಂದಿ ಪಾಲಕ್ ತಿಂದಿದ್ದರು. ಅರ್ಧಕ್ಕಿಂತ ಹೆಚ್ಚು! ನಮ್ಮ ಊರಾಗಿದ್ದರೆ ಪಾಲಕ್ ಮಾಡಿದವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನಿಖೆಯವರು ಚೆನ್ನಾಗಿದ್ದವರನ್ನೂ ಕೇಳಿದರು. ಪಾಲಕ್ ತಿಂದವರು ಒಟ್ಟು 43, ಅವರಲ್ಲಿ ಶೇಕಡಾ 60ರಷ್ಟು ಮಂದಿಗೆ ಕಾಯಿಲೆ. ತಿನ್ನದವರು 32, ಅವರಲ್ಲೂ 20 ಮಂದಿಗೆ, ಎಂದರೆ ಶೇಕಡಾ 62ಕ್ಕೂ ಮೇಲೆ. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪಾಲಕ್ ಬಚಾವಾಯಿತು.

ಇನ್ನು ವೆನಿಲಾ ಐಸ್‌ಕ್ರೀಮ್:

ತಿಂದವರು 54: ಕಾಯಿಲೆ 43, ಸೌಖ್ಯ 11
ತಿನ್ನದವರು 21: ಕಾಯಿಲೆ 3, ಸೌಖ್ಯ 18

ತಿಂದ ಐವರಲ್ಲಿ ನಾಲ್ವರು ಮಲಗಿದರು, ತಿನ್ನದ ಏಳು ಮಂದಿಯಲ್ಲಿ ಒಬ್ಬರು ಮಾತ್ರ. ಶೇಕಡಾ 80ನ್ನು 14ರಿಂದ ಭಾಗಿಸಿದರೆ ಐದೂವರೆ ಪಟ್ಟು ಮೀರುತ್ತದೆ. ಆ ಐಸ್‌ಕ್ರೀಮಿನ ಹಾಲು-ಮೊಟ್ಟೆಯ ಮಿಶ್ರಣವನ್ನು ಹಿಂದಿನ ಸಂಜೆ ಚರ್ಚಿನ ನೆಲಮಾಳಿಗೆಗೆ ತಂದು ರಾತ್ರಿಯಿಡೀ ಹಾಗೇ ಇಟ್ಟಿದ್ದರು. ತಯಾರಿಸಿದವರಲ್ಲಿ ಒಬ್ಬರ ಮೂಗು, ಗಂಟಲಿನಲ್ಲಿ ಸ್ಟೆಫಿಲೊಕಾಕಸ್ ರೋಗಾಣು ಸಿಕ್ಕಿತು. ಈ ರೋಗಾಣು ಒಮ್ಮೆ ವಿಷ ಬಿಟ್ಟರೆ ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ನಮ್ಮ ಭಟ್ಟರಿಗೆ ಇದನ್ನು ಮೊದಲು ಹೇಳಬೇಕು.

ತಮಾಷೆಯೆಂದರೆ, ಚಾಕೊಲೇಟ್ ಐಸ್‌ಕ್ರೀಮ್ ತಿಂದವರಲ್ಲಿ ಕಾಯಿಲೆ ಶೇಕಡಾ 53, ತಿನ್ನದವರಲ್ಲಿ 74! ಚಾಕೊಲೇಟ್ ಔಷಧಿಯೆಂದು ಇದರ ಅರ್ಥವಲ್ಲ. ಅದನ್ನು ಹಾಕಿಸಿಕೊಂಡವರಲ್ಲಿ ಹಲವರು ವೆನಿಲಾ ಬಿಟ್ಟಿದ್ದರು ಎಂದು ಊಹಿಸಬಹುದು. ಒಂದೇ ಪದಾರ್ಥದ ಲೆಕ್ಕ ನೋಡಿ ತೀರ್ಪು ಕೊಡಬಾರದು, ಬಡಿಸಿದ್ದೆಲ್ಲದರ ಲೆಕ್ಕ ಹಾಕಬೇಕು.

ನಮ್ಮ ಎಲೆ ಊಟದಲ್ಲಿ ಒಂದು ತೊಡಕಿದೆ. ಅನ್ನ, ಸಾರು ಎಲ್ಲರೂ ಉಂಡಿರುತ್ತಾರೆ. ಉಣ್ಣದವರೇ ಇಲ್ಲದಿದ್ದರೆ ಯಾರ ಜೊತೆ ಹೋಲಿಸುವುದು? ಆಗ ಪಂಕ್ತಿ ಕೇಳಬೇಕು. ಹನ್ನೆರಡೂವರೆಯ ಪಂಕ್ತಿಯಲ್ಲಿ ಶೇಕಡಾ ಎಷ್ಟು, ಮೂರು ಗಂಟೆಯ ಪಂಕ್ತಿಯಲ್ಲಿ ಶೇಕಡಾ ಎಷ್ಟು. ಕೊನೆಯ ಪಂಕ್ತಿಯಲ್ಲೇ ಹೆಚ್ಚಾದರೆ, ಕೊಪ್ಪರಿಗೆಯಲ್ಲಿ ಆರುತ್ತಾ ಕುಳಿತದ್ದು ಯಾವುದೆಂದು ಮೊದಲು ನೋಡಬೇಕು. ಬಫೆಯಲ್ಲಿ ಕೆಲಸ ಸುಲಭ, ಒಬ್ಬೊಬ್ಬರು ಒಂದೊಂದನ್ನು ಬಿಟ್ಟಿರುತ್ತಾರೆ.

ಲೆಕ್ಕ ನಮ್ಮ ಪಾತ್ರೆಯನ್ನೇ ತೋರಿಸಿಬಿಟ್ಟರೆ ಏನು ಗತಿ ಎಂದು ಕೆಲವರು ಕೇಳಬಹುದು. ತೋರಿಸಲಿ. ಯಾವ ಪಾತ್ರೆ ಎಂದು ತಿಳಿದರೆ ಆ ಕೆಲಸದ ರೀತಿ ತಿದ್ದಬಹುದು. ಈಗ ಆಗುತ್ತಿರುವುದು ಇಡೀ ಅಡುಗೆಮನೆಗೇ ಕಳಂಕ, ಅದರಲ್ಲಿ ತಿದ್ದಲು ಏನೂ ಸಿಗುವುದಿಲ್ಲ.

ಆದ್ದರಿಂದ ಸಂಘವು ಒಂದು ಪುಟದ ಫಾರಂ ಅಚ್ಚು ಹಾಕಿಸಿ ಸದಸ್ಯರಿಗೆ ಹಂಚಬೇಕೆಂದು ನಮ್ಮ ಸೂಚನೆ. ಎಡಕ್ಕೆ ಪದಾರ್ಥಗಳು, ಪಕ್ಕದಲ್ಲಿ ನಾಲ್ಕು ಮನೆ, ಮೇಲೆ ಪಂಕ್ತಿಯ ಸಮಯ. ದೂರು ಬಂದ ದಿನವೇ ತುಂಬಿಸಬೇಕು, ಎರಡು ದಿನ ಕಳೆದರೆ ಏನು ಉಂಡೆವೆಂದು ಯಾರಿಗೂ ನೆನಪಿರುವುದಿಲ್ಲ. ವಿಚಾರಿಸುವ ಕೆಲಸವನ್ನು ನಾವೇ ಮಾಡಿದರೆ ಯಾರೂ ನಂಬರು, ಮದುವೆ ಮನೆಯವರೊಬ್ಬರು ಮಾಡಲಿ, ಒಂದು ಪ್ರತಿ ಆರೋಗ್ಯಾಧಿಕಾರಿಗೆ ಹೋಗಲಿ. ಮಾದರಿಯನ್ನು ಮುಂದಿನ ಸಭೆಗೆ ತರುತ್ತೇವೆ. ಅದರಲ್ಲಿ ಬಡಿಸಿದ ಹುಡುಗರ ಹೆಸರಿಗೂ ಜಾಗ ಬಿಟ್ಟಿದ್ದೇವೆ, ಅವರೂ ಅದೇ ಊಟ ಉಂಡಿರುತ್ತಾರೆ.