ಗಳಗಂಡ ಮತ್ತು ಗಡಿನಾಡಿನ ರೋಗಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ, ಅದುವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದ ಉದಗೀರ್, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಆ ಸೀಮೆಯ ವಲಾಂಡಿಯ ಕನ್ನಡಿಗರಿಗೂ ನಮಗೂ ನೂರಾರು ಮೈಲಿಗಳ ಅಂತರವಿದ್ದರೂ ಪಾಡು ಒಂದೇ. ಮನೆಯೊಳಗೆ ಕನ್ನಡ; ಕಚೇರಿಯಲ್ಲಿ ಅವರಿಗೆ ಮರಾಠಿ, ನಮಗೆ ಮಲಯಾಳ. ಶಾಲೆ ಮತ್ತು ಉದ್ಯೋಗದ ವಿಷಯದಲ್ಲಿ ಇದರ ಫಲವೇನೆಂಬುದನ್ನು ಸಾಕಷ್ಟು ಚರ್ಚಿಸಿದ್ದೇವೆ. ಆಸ್ಪತ್ರೆಯ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗಳಗಂಡದ ಉದಾಹರಣೆಯಿಂದ ಅದನ್ನು ವಿಚಾರ ಮಾಡಬಹುದು.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯಿಡ್ ಗ್ರಂಥಿ ದೊಡ್ಡದಾಗುವುದೇ ಗಳಗಂಡ. ಆಹಾರದಲ್ಲಿ ಅಯೋಡಿನ್ ಸಾಲದಿದ್ದರೆ ಗ್ರಂಥಿ ಹೆಚ್ಚು ದುಡಿಯಲು ಹೋಗಿ ಊದಿಕೊಳ್ಳುತ್ತದೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ನಡೆಸಿದ ಪ್ರಯೋಗವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಇದನ್ನು ತಡೆಯಬಹುದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇದು ಕೇವಲ ಬೆಟ್ಟದ ಜನರ ರೋಗವೆಂಬ ನಂಬಿಕೆ ಬಹುಕಾಲ ಉಳಿಯಲಿಲ್ಲ. ಮರಾಠವಾಡದ ಔರಂಗಾಬಾದ್, ಕೇರಳದ ಎರ್ನಾಕುಳಂ ಜಿಲ್ಲೆಗಳಲ್ಲೂ ಅದು ಕಂಡುಬಂದಿತು. 1984ರಲ್ಲಿ ದೇಶದ ಎಲ್ಲ ಅಡುಗೆ ಉಪ್ಪಿಗೂ ಅಯೋಡಿನ್ ಬೆರೆಸುವ ತೀರ್ಮಾನವಾಯಿತು. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟದ ನಿಷೇಧವನ್ನು 2000ದಲ್ಲಿ ಸಡಿಲಿಸಿದ ಕೇಂದ್ರ ಸರಕಾರ, 2005ರಲ್ಲಿ ಅದನ್ನು ಮರಳಿ ತರಬೇಕಾಯಿತು.

ಆದರೆ ಉಪ್ಪು ಸರಿಯಾದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ದೇಹದ ರಕ್ಷಣಾಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದರಿಂದಲೂ, ಗ್ರಂಥಿಯಲ್ಲಿ ಗಂಟು ಬೆಳೆಯುವುದರಿಂದಲೂ, ಕೆಲವೊಮ್ಮೆ ಅರ್ಬುದದಿಂದಲೂ ಕುತ್ತಿಗೆ ಊದಬಹುದು. ಹೊರಗೆ ಕಾಣುವ ಬಾವು ಒಂದೇ, ಒಳಗಿನ ಕಾರಣ ಹಲವು. ಇವುಗಳನ್ನು ಬೇರ್ಪಡಿಸಲು ರಕ್ತಪರೀಕ್ಷೆ, ಸ್ಕ್ಯಾನಿಂಗ್, ಸೂಜಿ ಪರೀಕ್ಷೆಗಳಿವೆಯೆಂಬುದು ನಿಜ. ಆದರೆ ಯಾವ ಪರೀಕ್ಷೆ ಬೇಕು, ಎಷ್ಟು ಬೇಗ ಬೇಕು ಎಂಬುದನ್ನು ವೈದ್ಯರು ನಿರ್ಧರಿಸುವುದು ಮೊದಲು ರೋಗಿಯ ಮಾತಿನಿಂದಲೇ.

ಬಾವು ಕಂಡು ಎಷ್ಟು ಕಾಲವಾಯಿತು? ಈಚೆಗೆ ಬೇಗಬೇಗ ಬೆಳೆಯಿತೇ? ನುಂಗಲು, ಉಸಿರಾಡಲು ಕಷ್ಟವೇ? ಸ್ವರ ಬದಲಾಗಿದೆಯೇ? ಚೆನ್ನಾಗಿ ಉಂಡರೂ ಮೈ ಇಳಿಯುತ್ತಿದೆಯೇ, ಎದೆ ಡವಡವ ಎನ್ನುತ್ತದೆಯೇ, ಕೈ ನಡುಗುತ್ತದೆಯೇ, ಸೆಕೆ ತಡೆಯುವುದಿಲ್ಲವೇ? ಹಾಗಿದ್ದರೆ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಮೈ ಭಾರವಾಗುವುದು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಯಾವಾಗಲೂ ಸುಸ್ತು ಇವೆಲ್ಲ ಗ್ರಂಥಿ ಸೋತುದರ ಸೂಚನೆಗಳು. ಹುಟ್ಟಿ ಬೆಳೆದ ಊರು ಯಾವುದು, ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇತ್ತೇ, ಬೇರೆ ಯಾವ ಮದ್ದು ಸೇವಿಸುತ್ತಿದ್ದಾರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿತ್ತೇ ಎಂಬುದೂ ಮುಖ್ಯವೇ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಆದುದರಿಂದ ಮುಟ್ಟು, ಗರ್ಭ, ಹೆರಿಗೆಯ ವಿಚಾರಗಳನ್ನು ಕೇಳಲೇಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಕನ್ನಡವಷ್ಟೇ ಬಲ್ಲ ತಾಯಿಗೆ ದುಭಾಷಿಯಾಗಿ ಹೋಗುವವನು ಹೆಚ್ಚಾಗಿ ಮಗ, ಇಲ್ಲವೇ ಶಾಲೆಗೆ ಹೋಗುವ ಮೊಮ್ಮಗ. ಅವನ ಎದುರಿನಲ್ಲಿ ಆಕೆ ಹೇಳುವುದಿಲ್ಲ, ಹೇಳಿದರೂ ಅವನು ಅದನ್ನು ವೈದ್ಯರಿಗೆ ದಾಟಿಸುವುದಿಲ್ಲ. ಕೊನೆಗೆ ಚೀಟಿಯಲ್ಲಿ ಉಳಿಯುವುದು ಕುತ್ತಿಗೆ ಬಾವು, ಸುಸ್ತು ಎಂಬ ಎರಡು ಮಾತು. ತಪ್ಪು ವೈದ್ಯರದಲ್ಲ, ರೋಗಿಯದೂ ಅಲ್ಲ. ಆದರೆ ನಷ್ಟ ರೋಗಿಯದೇ. ಗರ್ಭಿಣಿಯ ಥೈರಾಯಿಡ್ ಕೊರತೆ ಗಮನಕ್ಕೆ ಬಾರದೆ ಉಳಿದರೆ ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆಗೂ ಕುಂದು ಬರಬಹುದು.

ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕಂದಾಯದ ಅರ್ಜಿಗೆ ಸಲ್ಲುವ ಭಾಷೆ ಕಾಯಿಲೆಯ ವಿವರಕ್ಕೆ ಸಲ್ಲಬಾರದೇಕೆ? ನಾವು ಕೇಳುವುದು ದೊಡ್ಡ ವೆಚ್ಚದ ಯೋಜನೆಯನ್ನಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಆರೋಗ್ಯ ಕೇಂದ್ರಗಳಲ್ಲಿ ರೋಗಿಯ ವಿವರದ ಪ್ರಶ್ನಾವಳಿ ಎರಡು ಭಾಷೆಗಳಲ್ಲಿರಲಿ. ಕನ್ನಡ ಬಲ್ಲ ಒಬ್ಬ ದಾದಿಯಾದರೂ ಇರಲಿ. ವಲಾಂಡಿಯಂಥ ಮರಾಠಿ ಸೀಮೆಯ ಹಳ್ಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸರಕಾರ ಎಚ್ಚರಾಗುವ ತನಕ ನಮ್ಮ ಮನೆಗಳವರೂ ಸುಮ್ಮನಿರಬೇಕಾಗಿಲ್ಲ. ಮೇಲಿನ ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದು, ಬಲ್ಲವರಿಂದ ಮಲಯಾಳಕ್ಕೋ ಇಂಗ್ಲಿಷಿಗೋ ಮಾಡಿಸಿ ಒಯ್ಯಿರಿ. ತಾಯಂದಿರ ಜೊತೆಗೆ ಹೆಂಗಸರೇ ಹೋಗಲಿ. ಅಯೋಡಿನ್ ಉಪ್ಪನ್ನೇ ಕೊಂಡು, ತೇವ ತಾಗದಂತೆ ಮುಚ್ಚಿಡಿ. ಸ್ವರ ಒಡೆದರೆ, ಉಸಿರು ಕಟ್ಟಿದರೆ, ಗಂಟು ದಿಢೀರನೆ ಬೆಳೆದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಕೂಡಲೇ ವೈದ್ಯರನ್ನು ಕಾಣಿರಿ.

ಗಡಿಯನ್ನು ಎಳೆದವರು ನಾವಲ್ಲ. ಆ ಗೆರೆ ರೋಗಿಗೂ ವೈದ್ಯರಿಗೂ ನಡುವೆ ಬಾರದಂತೆ ನೋಡಿಕೊಳ್ಳುವ ಹೊಣೆ ಆಡಳಿತದ್ದು. ಜಿಲ್ಲೆಯ ಆರೋಗ್ಯ ಇಲಾಖೆಯವರು ಇತ್ತ ಗಮನ ಹರಿಸುವರೇ?