ಗುಳಿಗೆ ಬಿಟ್ಟವನು ಸುಸ್ತಿದಾರನೇ?

ಸೊಸೈಟಿ ಸಾಲ ಕಟ್ಟದವನಿಗೆ ಸುಸ್ತಿದಾರ ಅಂತಾರೆ. ನಮ್ಮ ಅಪ್ಪಂದಿರಿಗೆ ಈ ಬೈಗುಳ ಹೊಸದಲ್ಲ. ಕ್ಷಯದ ಗುಳಿಗೆ ನಡುವೆ ಬಿಟ್ಟವನಿಗೂ ಆಸ್ಪತ್ರೆ ರಿಜಿಸ್ಟರಿನಲ್ಲಿ ಅದೇ ಹೆಸರಿತ್ತು: ಡಿಫಾಲ್ಟರ್. ಕೆಮ್ಮುತ್ತಾ ಬಂದವನು ಸಸ್ಪೆಕ್ಟ್, ಥೇಟ್ ಪೊಲೀಸ್ ಠಾಣೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಎರಡೂ ಪದಗಳನ್ನು ಕೈಬಿಟ್ಟಿತು. ಕಾಗದದಿಂದ ಹೋದವು. ನಾವು ಕಂಡಂತೆ ಬಾಯಿಂದ ಇನ್ನೂ ಹೋಗಿಲ್ಲ.

ನಮ್ಮ ಕೇರಿಯ ಅಣ್ಣನೊಬ್ಬ ಗಾರೆ ಕೆಲಸದವನು. ಡಾಕ್ಟರು ಅವನಿಗೆ ಹೇಳಿದ್ದು ಇಷ್ಟೇ: ‘ನಿಂಗೆ ಕಾಕ್ಸ್ ಇದೆ. ಆರು ತಿಂಗಳು ನುಂಗು.’ ಕಾಕ್ಸ್ ಅಂದ್ರೆ ಏನು? ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. 1882ರಲ್ಲಿ ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್‌ನ ಹೆಸರು ಅದು. ಟಿಬಿ ಎಂಬ ಪದದ ಮೇಲೆ ಹಾಕಿದ ಮುಸುಕು. ರೋಗಿಯ ಮರ್ಯಾದೆ ಉಳಿಸೋದಕ್ಕೆ ಅಂತಾರೆ, ಇರಬಹುದು. ಆದರೆ ಟಿಬಿ ಅಂತ ತಿಳಿದಿದ್ದರೆ ಅಣ್ಣ ತನ್ನ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯುತ್ತಿದ್ದ.

ಗುಳಿಗೆ ನುಂಗಿದ ಮೇಲೆ ಉಚ್ಚೆ ಕೆಂಪಾಯ್ತು. ರಕ್ತ ಹೋಗ್ತಿದೆ ಅಂತ ಅತ್ತಿಗೆ ಅತ್ತಳು. ಅದು ರಿಫಾಂಪಿಸಿನ್ ಗುಳಿಗೆಯ ಬಣ್ಣ, ಹೆದರಬೇಡಿ ಅನ್ನೋ ಒಂದು ಮಾತು ಯಾರಿಗೂ ಹೇಳಬೇಕೆನಿಸಲಿಲ್ಲ. ಎರಡು ತಿಂಗಳಾದ ಮೇಲೆ ಕಫ ನೋಡಿ ‘ನೆಗೆಟಿವ್, ಹೋಗು’ ಎಂದರು. ಅವನ ಕಿವಿಗೆ ‘ವಾಸಿಯಾಯ್ತು, ಹೋಗು’ ಅಂತ ಬಿತ್ತು. ಕಫದಲ್ಲಿ ಕಾಣದಿದ್ದರೂ ಒಳಗೆ ರೋಗಾಣು ಉಳಿದಿರುತ್ತೆ, ಇನ್ನೂ ನಾಲ್ಕು ತಿಂಗಳು ಬೇಕು ಅಂತ ಬಿಡಿಸಿ ಹೇಳಿದವರಿಲ್ಲ. ಗುಳಿಗೆ ಬಿಟ್ಟು ಕೂಲಿಗೆ ಹೋದ. ಮಳೆಗಾಲದಲ್ಲಿ ರಕ್ತ ಕಾರಿಕೊಂಡು ವಾಪಸು ಬಂದಾಗ ಸಿಕ್ಕ ಸ್ವಾಗತ: ‘ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ. ಕುಡಿದು ಬಿದ್ದಿರ್ತೀಯ.’

ಅಣ್ಣ ಕುಡಿಯೋನೇ ಅಲ್ಲ. ಕುಡಿದಿದ್ದರೂ ಅನ್ನಿ, ‘ನಿಮ್ಮಂಥೋರು’ ಯಾವ ವೈದ್ಯಶಾಸ್ತ್ರದ ಪದ ಸ್ವಾಮಿ?

ಬಾಗಿಲಲ್ಲಿ ನೂರು ಜನ ನಿಂತಿರ್ತಾರೆ, ಡಾಕ್ಟರಿಗೂ ದಣಿವು. ಒಪ್ಪೋಣ. ಆದರೆ ‘ಈ ಜನಕ್ಕೆ ತಿಳುವಳಿಕೆ ಇಲ್ಲ’ ಅನ್ನೋದನ್ನು ಒಪ್ಪಲಾರೆವು. ಬೆಂಗಳೂರಿನ ರಾಷ್ಟ್ರೀಯ ಕ್ಷಯ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದವರನ್ನು ವಿಚಾರಿಸಿ 1963ರಲ್ಲಿ ಬರೆದರು: ಹೆಚ್ಚಿನವರಿಗೆ ರೋಗಲಕ್ಷಣದ ಅರಿವಿತ್ತು, ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ಕಳಿಸಿದ್ದರು. ತಿಳುವಳಿಕೆ ಯಾರಿಗೆ ಇರಲಿಲ್ಲ?

ಹಾಸ್ಟೆಲ್ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಗೂಡಿನಲ್ಲಿಟ್ಟ ಆಸ್ಪತ್ರೆ ಚೀಟಿ ಇಳಿಸಿ ಓದಿ. ಕಾಕ್ಸ್ ಅಂತಿದ್ದರೆ ಅದರ ಅರ್ಥ ಮನೆಯವರಿಗೆ ಹೇಳಿ. ಅಣ್ಣ ಮತ್ತೆ ಗುಳಿಗೆ ಶುರು ಮಾಡಿದ್ದಾನೆ. ಬರುವ ಸೋಮವಾರ ಅವನ ಜೊತೆ ನಮ್ಮಲ್ಲಿ ಇಬ್ಬರು ಹೋಗಿ ಡಾಕ್ಟರ ಎದುರು ನಿಲ್ಲುತ್ತೇವೆ, ಮಕ್ಕಳನ್ನೂ ಕರೆದುಕೊಂಡು.