ವಾಲ್ವ್‌ಗಳ ಹೋಲಿಕೆ: ಕಿವಿಯನ್ನು ನಂಬುವ ಮುನ್ನ

ಅಟ್ಟ ಸೇರಿರುವ ಹಳೆಯ ರೇಡಿಯೋಗಳಲ್ಲಿ ಗಾಜಿನ ವಾಲ್ವ್‌ಗಳಿರುತ್ತವೆ. ನಮ್ಮ ಹೊಸೂರಿಗೆ ನೆರೆಯದಾದ ಬೆಂಗಳೂರಿನಲ್ಲಿ, ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯು 1961ರಲ್ಲಿ ಇಂತಹ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ಇಂದಿಗೂ ಹವ್ಯಾಸಿಗಳು ವಾಲ್ವ್‌ಗಳಿಂದ ಹೆಡ್‌ಫೋನಿನ ಆಂಪ್ಲಿಫಯರನ್ನು ಮನೆಯಲ್ಲಿಯೇ ಜೋಡಿಸಿ, ಒಂದರ ಬದಲು ಇನ್ನೊಂದನ್ನು ಇಟ್ಟು ನಾದವನ್ನು ಹೋಲಿಸುವುದುಂಟು.

ಇಸಿಸಿ82, ಇಸಿಸಿ83 ಎಂಬ ಎರಡನ್ನು ನೋಡೋಣ. 'ಇ' ಎಂದರೆ ತಂತು ಕಾಯಲು 6.3 ವೋಲ್ಟ್, 'ಸಿಸಿ' ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. ಎರಡಕ್ಕೂ ಒಂಬತ್ತು ಕಾಲುಗಳು, ಒಂದೇ ಜೋಡಣೆ. ಆದರೆ ಮೊದಲನೆಯದರ ವರ್ಧನಾಂಕ ಸುಮಾರು 17, ಎರಡನೆಯದರದು 100. ಆದ್ದರಿಂದ ವಾಲ್ವ್ ಬದಲಿಸಿದೊಡನೆ ಸದ್ದು ಏರುತ್ತದೆ. ಏರಿದ ಸದ್ದನ್ನೇ ಕಿವಿಯು ಇಂಪೆಂದು ಭ್ರಮಿಸುತ್ತದೆ.

ನ್ಯಾಯವಾದ ಹೋಲಿಕೆಗೆ ಮೂರು ನಿಯಮಗಳು: ಆಯಾ ವಾಲ್ವಿಗೆ ತಕ್ಕ ರೆಸಿಸ್ಟರುಗಳನ್ನು ಹಾಕಬೇಕು, ಮೀಟರಿನಿಂದ ಅಳೆದು ಸದ್ದನ್ನು ಸಮಗೊಳಿಸಬೇಕು, ಯಾವ ವಾಲ್ವ್ ಎಂಬುದು ಕೇಳುವವರಿಗೆ ತಿಳಿದಿರಬಾರದು. ವಿಜ್ಞಾನದ ಪ್ರತಿಯೊಂದು ಪ್ರಯೋಗಕ್ಕೂ ಇದೇ ನೀತಿ.

ಪೋಷಕರಿಗೊಂದು ಎಚ್ಚರಿಕೆ: ಇಂತಹ ಸಾಧನಗಳಲ್ಲಿ 200 ವೋಲ್ಟಿಗೂ ಮೀರಿದ ವಿದ್ಯುತ್ತು ಇರಬಹುದು, ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಬಲ್ಲವರು ಜೊತೆಯಲ್ಲಿಲ್ಲದೆ ಮಕ್ಕಳು ಪೆಟ್ಟಿಗೆಯನ್ನು ಬಿಚ್ಚಕೂಡದು.